ದೀಪಗಳನ್ನು ಸೆರೆಗೆ ಹಾಕಿದ ಫಳಫಳರಾಯ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಹಂಡೆಹಳ್ಳಿ, ನಗಬೇಡಿ, ಹೆಸರಿಟ್ಟವನು ನಾನಲ್ಲ, ಮಗು ಹುಟ್ಟಿದರೆ ತೊಟ್ಟಿಲು ಕಟ್ಟುತ್ತಿರಲಿಲ್ಲ. ಹಂಡೆಯೊಳಗೆ ಮಲಗಿಸುತ್ತಿದ್ದರು. ಮದುವೆಯಾದರೆ ಹಂಡೆಯೊಳಗೇ ಹಸೆ. ಹೊಳೆ ದಾಟಬೇಕಾದರೂ ದೋಣಿಯಿಲ್ಲ, ಹರಿಗೋಲಿಲ್ಲ, ತಾಮ್ರದ ಹಂಡೆಯೇ. ಹಂಡೆ ಬಿಟ್ಟರೆ ಅವರಿಗೆ ಬೇರೆ ಲೋಕವೇ ಇರಲಿಲ್ಲ ಅನ್ನಿ.

ಆ ಊರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳ ಕೆಲಸ ಹಂಡೆ ನೋಡೋದು. ಮಾಡೋದಲ್ಲ, ಮಾರೋದಲ್ಲ, ಬರೀ ನೋಡೋದು. ಮೊದಲು ಬಿಸಿಲಲ್ಲಿಟ್ಟು ನೋಡುವಳು. ಬಿಸಿಲು ಕಿಲುಬು ತೋರಿಸುತ್ತಿತ್ತು. ಆಮೇಲೆ ಪಂಜನ್ನು ಓರೆಯಾಗಿ ಹಿಡಿದು ನೋಡುವಳು. ಪಂಜು ನಗ್ಗು ತೋರಿಸುತ್ತಿತ್ತು. ಕೊನೆಗೆ ಒಳಗೊಂದು ಹಣತೆ ಇಟ್ಟು ಹೊರಗಿಂದ ನೋಡುವಳು. ತೂತಿದ್ದರೆ ಹಣತೆ ಅಲ್ಲಿಂದ ಇಣುಕುತ್ತಿತ್ತು. ಎಲ್ಲ ಸರಿ ಅಂದಮೇಲೆ ಹಂಡೆಯ ಹಣೆಗೆ ಒಂದು ಸುಣ್ಣದ ಬೊಟ್ಟು. ಬೊಟ್ಟಿಲ್ಲದ ಹಂಡೆ ನೀರಿಗಿಳಿಯಬಾರದು, ಇದು ಊರಿನ ಕಟ್ಟುಪಾಡು.

ಅವಳ ಗಂಡ ಜವರಯ್ಯ ಅಂಬಿಗ. ಹಂಡೆಯಲ್ಲಿ ಕೂತು ಹುಟ್ಟು ಹಾಕುತ್ತಿದ್ದ. ಅಂಬಿಗನಾದರೂ ಅವನಿಗೆ ಈಜು ಬಾರದು. "ಕಲಿಯೋ ಮಾರಾಯ" ಅಂತ ಜನ ಅಂದರೆ, "ನನ್ನ ಹೆಂಡ್ತಿ ಬೊಟ್ಟಿಟ್ಟವಳೆ, ನಾನ್ಯಾಕೆ ಕಲೀಲಿ?" ಅನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಚಿಕ್ಕತಾಯಮ್ಮನಿಗೆ ಹೆಮ್ಮೆಯಾಗುತ್ತಿತ್ತು, ಆದರೂ ಹೋಗಿ ಅವನ ಹಂಡೆಯನ್ನು ಇನ್ನೊಂದು ಸಲ ನೋಡಿ ಬರುತ್ತಿದ್ದಳು.

ಇನ್ನು ರಾಜ. ಅವನೇ ಫಳಫಳರಾಯ. ಹೊಳೆಯೋದು ಕಂಡರೆ ಅವನಿಗೆ ಪ್ರಾಣ. ತನ್ನ ಬೋಳುತಲೆಗೂ ದಿನಾ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಳ್ಳುತ್ತಿದ್ದ ಅಂದರೆ ಲೆಕ್ಕ ಹಾಕಿ.

ಒಂದು ದಿನ ರಾಜ ಹೊಸ ಚೊಂಬೊಂದನ್ನು ಹಿಡಿದುಕೊಂಡು ತಾನೇ ಬಂದ. ಚಿಕ್ಕತಾಯಮ್ಮ ಬಿಸಿಲಲ್ಲಿಟ್ಟಳು. ಚೊಂಬು ಫಳಫಳ. ರಾಜನ ಮುಖವೂ ಫಳಫಳ. ಪಂಜನ್ನು ಓರೆಯಾಗಿ ಹಿಡಿದಳು. ಚೊಂಬಿನ ಸೊಂಟದಲ್ಲಿ ನಗ್ಗು.

"ಈಗ ತಾನೇ ಇರಲಿಲ್ಲ" ಅಂದ ರಾಜ.

"ಇತ್ತು ಬುದ್ಧಿ, ಕಾಣ್ತಿರಲಿಲ್ಲ."

"ಪಂಜು ಬರೋ ಮುಂಚೆ ನಗ್ಗು ಇರಲಿಲ್ಲ. ಪಂಜು ಬಂತು, ನಗ್ಗು ಬಂತು. ಹಾಗಾದರೆ ನಗ್ಗು ತಂದವರು ಯಾರು?"

"ಪಂಜು" ಅಂತ ಮಂತ್ರಿ ಹೇಳಿದ. ಮಂತ್ರಿಯ ಕೆಲಸವೇ ಅದು. ಪಂಜಿನ ಕೈಗೆ ಬೇಡಿ ಬಿತ್ತು.

ಮಾರನೆಯ ದಿನ ಹಣತೆ ಒಂದು ಬಿಂದಿಗೆಯಲ್ಲಿ ತೂತು ತೋರಿಸಿತು. ತೂತು ತಂದವಳು ಹಣತೆ. ಅವಳೂ ಸೆರೆಗೆ. ಅದರ ಮಾರನೆಯ ದಿನ ಬಿಸಿಲು ಅರಮನೆಯ ಅಡುಗೆಯ ಕೊಳದಪ್ಪಲೆಯಲ್ಲಿ ಕಿಲುಬು ತೋರಿಸಿತು. "ಬಿಸಿಲನ್ನ ಹಿಡೀರಿ" ಅಂದ ರಾಜ. ಹಿಡಿಯೋದು ಹೇಗೆ? ಕಷ್ಟವೇನಿಲ್ಲ. ಅಂಗಳದಲ್ಲಿ ಖಾಲಿ ಹಂಡೆ ಇಟ್ಟರು, ಬಿಸಿಲು ತಾನಾಗಿ ಒಳಗೆ ಬಿತ್ತು, ಮುಚ್ಚಳ ಹಾಕಿದರು, ಸೆರೆಮನೆಗೆ ಒಯ್ದು ಸುರಿದರು. ಮುಗೀತು.

ನಾಡಿಗೆ ನಾಡೇ ಕತ್ತಲು. ರಾಜನಿಗೆ ಹಿಡಿಸಲಾರದ ಖುಷಿ. "ನೋಡಿ, ಈಗ ನನ್ನ ರಾಜ್ಯದಲ್ಲಿ ಒಂದು ನಗ್ಗಿಲ್ಲ, ಒಂದು ತೂತಿಲ್ಲ" ಅಂದ. ಜನ ಕಣ್ಣು ಕಿಸಿದು ನೋಡಿದರು. ನಿಜ, ಒಂದೂ ಕಾಣಲಿಲ್ಲ. ಒಬ್ಬ ಗೌಡ ಹೆಂಡತಿಗೆ ಹುಲ್ಲು ಹಾಕಿದ, ಎಮ್ಮೆಗೆ ಮಲ್ಲಿಗೆ ಮುಡಿಸಿದ. ಎಮ್ಮೆ ನಾಚಿಕೊಂಡಿತು, ಹೆಂಡತಿ ಒದ್ದಳು. ಆದರೂ ಪಾತ್ರೆಗಳೆಲ್ಲ ಚೊಕ್ಕ.

ಆ ಹುರುಪಿನಲ್ಲೇ ರಾಜನಿಗೆ ಮದುವೆ ನೆನಪಾಯಿತು. ಹೊಳೆಯಾಚೆ ರಾಜಕುಮಾರಿ ಕಾಯುತ್ತಿದ್ದಳು. ಊರಿನ ಕೆರೆಯಷ್ಟು ದೊಡ್ಡ ಹಂಡೆ ಮಾಡಿಸಿದ. ಕತ್ತಲಲ್ಲೇ ಬಡಿದರು, ಕತ್ತಲಲ್ಲೇ ಕಲಾಯಿ ಹಾಕಿದರು. "ಹುಟ್ಟು ಹಾಕೋಕೆ ಜವರಯ್ಯ ಬರಲಿ. ಬೊಟ್ಟಿಡೋಕೆ ಚಿಕ್ಕತಾಯಮ್ಮ ಬರಲಿ" ಅಂದ.

ಹೊಳೆ ತುಂಬಿ ಹರಿಯುತ್ತಿತ್ತು. ಅದರ ಸದ್ದು ಕತ್ತಲಲ್ಲಿ ಇನ್ನೂ ದೊಡ್ಡದಾಗಿ ಕೇಳುತ್ತಿತ್ತು.

"ಕಾಣದೆ ಬೊಟ್ಟಿಡಲ್ಲ ಬುದ್ಧಿ. ನನ್ನ ಗಂಡನಿಗೆ ಈಜು ಬರಲ್ಲ" ಅಂದಳು.

"ಇಟ್ಟುಬಿಡೇ. ನಿನ್ನ ಕೈಗುಣ ನಂಗೊತ್ತಿಲ್ವಾ" ಅಂದ ಜವರಯ್ಯ.

"ಕೈಗುಣ ತೇಲುತ್ತಾ? ಸುಮ್ಕಿರಿ ನೀವು" ಅಂತ ಗದರಿದಳು.

ರಾಜನಿಗೆ ಸಿಟ್ಟು ಬಂತು. "ಇವಳನ್ನೂ ಬೆಳಕುಗಳ ಜೊತೆ ಸೆರೆಗೆ ಹಾಕಿ. ಹಂಡೆಯನ್ನೂ ಒಳಗಿಡಿ. ನೋಡಿ ನೋಡಿ ಬೊಟ್ಟಿಡಲಿ" ಅಂದ. ಆದರೆ ಹಂಡೆ ಸೆರೆಮನೆಯೊಳಗೆ ಹಿಡಿಸಲಿಲ್ಲ. ಹಾಗಾಗಿ ಸೆರೆಮನೆಯನ್ನೇ ಎತ್ತಿ ಹಂಡೆಯೊಳಗಿಟ್ಟು ಮುಚ್ಚಳ ಹಾಕಿದರು. ಹಂಡೆಯನ್ನು ಹೊಳೆದಂಡೆಯ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಜವರಯ್ಯ ಹುಟ್ಟು ಹಿಡಿದು ಮುಚ್ಚಳದ ಮೇಲೆ ಕೂತ.

ಒಳಗೆ ನೋಡಿದರೆ ಅಲ್ಲಿ ಬೆಳಕೋ ಬೆಳಕು, ಜಗಳವೋ ಜಗಳ. ಇಷ್ಟು ದಿನ ಒಬ್ಬರಾದ ಮೇಲೆ ಒಬ್ಬರು ಕೆಲಸ ಮಾಡಿದವರು, ಒಟ್ಟಿಗೆ ಕೂತು ಗೊತ್ತಿಲ್ಲ. ಬಿಸಿಲು ಕಲಾಯಿಯ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಪಂಜು ಬರೀ ಹೊಗೆಯಾಡುತ್ತಿತ್ತು. ಹಣತೆ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಮೂವರೂ ಸೇರಿ ಒಂದು ಸಲ ತೋರಿಸ್ರಪ್ಪ. ಗಂಡನ ಜೀವದ ಪ್ರಶ್ನೆ" ಅಂತ ಚಿಕ್ಕತಾಯಮ್ಮ ಕೈ ಮುಗಿದಳು.

"ಬಿಸಿಲಪ್ಪನ ಪಕ್ಕ ಕೂತರೂ ನಾನು ಕಾಣಬೇಕು" ಅಂದಳು ಹಣತೆ.

"ನನ್ನನ್ನ ಅವನು ಅಣ್ಣ ಅನ್ನಬೇಕು" ಅಂದ ಪಂಜು.

ಬಿಸಿಲಪ್ಪ ಹೇಳಿದ: "ಹುಟ್ಟಿದಾಗಿಂದ ಉರೀತಿದ್ದೀನಿ ಕಣವ್ವ. ಎಲ್ಲರೂ ನೆರಳಲ್ಲಿ ಕೂತು ಉಸ್ಸಪ್ಪಾ ಅಂತಾರೆ. ನಾನು ಹತ್ತಿರ ಹೋದರೆ ನೆರಳು ಎದ್ದು ಓಡುತ್ತೆ. ನಂಗೂ ಒಂದು ನೆರಳು ಬೇಕು."

"ನಂದೇ ತಗೋ" ಅಂದಳು ಚಿಕ್ಕತಾಯಮ್ಮ. ಕಾಲಡಿಯಿಂದ ನೆರಳನ್ನು ಚಾಪೆಯಂತೆ ಸುತ್ತಿ ಕೊಟ್ಟಳು.

ಬಿಸಿಲಪ್ಪನಿಗೆ ಕಣ್ಣು ತುಂಬಿ ಬಂತು. "ಆಗಲಿ. ಪಂಜಣ್ಣ, ನೀನು ಎಲ್ಲಿ ನಿಲ್ತೀಯ?" ಅಂದ. ಪಂಜಣ್ಣ ಉಬ್ಬಿಹೋದ.

ಚಿಕ್ಕತಾಯಮ್ಮ ಸೆರಗು ಹರವಿ ಬಿಸಿಲಿಗೆ ಅಡ್ಡ ಕಟ್ಟಿದಳು. ಕೋರೈಸುವುದು ನಿಂತಿತು. ಹಾಲಿನಂಥ ಬೆಳಕು ಎಲ್ಲ ಕಡೆ ಹರಡಿತು, ಅದರ ನಡುವೆ ಹಣತೆಯೂ ಕಂಡಳು. ಪಂಜಣ್ಣನನ್ನು ಮೂಲೆಯಲ್ಲಿ ಓರೆಯಾಗಿ ನಿಲ್ಲಿಸಿದಳು. ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಗೀರೋ, ಬಿರುಕೋ? ಹಣತೆಯನ್ನು ಅದರ ಬಾಯಿಗೇ ಇಟ್ಟು ಸೆರಗು ಸರಿಸಿದಳು. "ಈಗ ಮೂವರೂ ಒಟ್ಟಿಗೆ, ನೂಕ್ರಪ್ಪ" ಅಂದಳು.

ಮೂವರೂ ನೂಕಿದರು ನೋಡಿ, ಹಂಡೆಯ ತಳದಿಂದ ಬೆಳಕಿನ ಗೆರೆಯೊಂದು ಹೊರಗೆ ಚಿಮ್ಮಿತು. ದಂಡೆ ದಾಟಿತು, ಜನರನ್ನು ದಾಟಿತು, ಹೋಗಿ ರಾಜನ ಬೋಳುತಲೆಯ ಮೇಲೆ ನೆಟ್ಟಗೆ ಬಿತ್ತು.

"ಅಯ್ಯಯ್ಯೋ, ನನ್ನ ತಲೆ ಸೀಳಿತು" ಅಂತ ರಾಜ ಅರಚಿದ. ತಡವಿ ನೋಡಿಕೊಂಡ. ತಲೆ ಗಟ್ಟಿಯಾಗಿತ್ತು. ಸೀಳಿದ್ದು ಹಂಡೆ. "ಬೆಳಕು ಬಂತು, ಬಿರುಕು ಬಂತು. ಬೆಳಕನ್ನ ಹಿಡೀರಿ" ಅಂದ.

ಒಳಗಿಂದ ಚಿಕ್ಕತಾಯಮ್ಮ ಕೂಗಿ ಕೇಳಿದಳು: "ಹಿಡಿದಿದ್ದಾಗಿದೆಯಲ್ಲ ಬುದ್ಧಿ. ಬೆಳಕೆಲ್ಲ ಈಗ ಎಲ್ಲವ್ರೆ?"

"ಸೆರೆಯಲ್ಲಿ."

"ಸೆರೆಯಲ್ಲಿರೋರು ಹೊರಗೆ ಬಂದು ಬಿರುಕು ಬಿಡಿಸೋಕಾಗುತ್ತಾ?"

ರಾಜ ಬೆರಳು ಮಡಚಿ ಲೆಕ್ಕ ಹಾಕಿದ. ಆಗುತ್ತೆ ಅಂದರೆ ಸೆರೆ ತೂತು. ಆಗಲ್ಲ ಅಂದರೆ ಹಂಡೆ ಮೊದಲೇ ತೂತು. ಮಂತ್ರಿಯ ಮುಖ ನೋಡಿದ. ಮಂತ್ರಿ ಹೊಳೆಯ ಕಡೆ ನೋಡುತ್ತಿದ್ದ. ತನ್ನ ಸೆರೆಮನೆ ತೂತು ಅಂತ ಯಾವ ರಾಜ ತಾನೇ ಒಪ್ಪಿಕೊಂಡಾನು?

"ಹಂಡೆ ತೂತು" ಅಂತ ಸಣ್ಣ ದನಿಯಲ್ಲಿ ಹೇಳಿದ.

ಅಷ್ಟು ಕೇಳಿದ್ದೇ ಜವರಯ್ಯ ಮುಚ್ಚಳ ಎತ್ತಿ ಎಸೆದ. ಬೆಳಕುಗಳು ದಡಬಡ ಹೊರಗೆ ಬಿದ್ದವು. ಆಚೆ ದಡದಲ್ಲಿದ್ದ ರಾಜಕುಮಾರಿ, ಅಷ್ಟು ದೂರದಿಂದಲೇ ಹೊಳೆಯುವ ತಲೆ ಕಂಡು, ಎಮ್ಮೆ ಹತ್ತಿ ಹೊಳೆ ದಾಟಿಕೊಂಡು ತಾನೇ ಬಂದಳು. ಮದುವೆ ಜೋರಾಗಿ ನಡೆಯಿತು. ಹೋಳಿಗೆಗೆ ತುಪ್ಪ ಮಾತ್ರ ಕಮ್ಮಿ.

ಬಿಸಿಲಪ್ಪ ನೆರಳು ವಾಪಸು ಕೊಡಲಿಲ್ಲ. ಈಗಲೂ ಸುಡುಮಧ್ಯಾಹ್ನದಲ್ಲಿ ಮೋಡವೇ ಇಲ್ಲದೆ ಒಂದು ಗಳಿಗೆ ತಂಪಾಗುತ್ತಲ್ಲ, ಆಗ ಅವನು ಚಿಕ್ಕತಾಯಮ್ಮನ ನೆರಳು ಹಾಸಿಕೊಂಡು ಕೂತಿರುತ್ತಾನೆ.

ಮನೆಗೆ ಹೋಗುವ ದಾರಿಯಲ್ಲಿ ಜವರಯ್ಯ ನೆಲ ನೋಡಿದ. ಇಬ್ಬರು ನಡೆಯುತ್ತಿದ್ದರು, ನೆರಳು ಒಂದೇ ಇತ್ತು. ಬಿಸಿಲಿನ ಕಡೆಗೆ ಸರಿದು ತನ್ನ ನೆರಳು ಅವಳ ಮೇಲೆ ಬೀಳುವ ಹಾಗೆ ನಡೆದ. "ಇದು ಇಬ್ಬರಿಗೂ ಸಾಕು ಬಾ" ಅಂದ.

"ನಾಳೆಯಿಂದ ಈಜು ಕಲೀಬೇಕು ನೀವು" ಅಂದಳು ಅವಳು.

"ಯಾಕೆ, ಇನ್ನು ಬೊಟ್ಟಿಡಲ್ವಾ?"

"ಇಡ್ತೀನಿ. ಆದ್ರೂ ಕಲೀರಿ."

ಅದಕ್ಕೇ ಹೇಳೋದು, ಚೊಂಬು ನಗ್ಗಿದರೆ ದೀಪವನ್ನ ಬೈಬಾರದು, ಎಮ್ಮೆಗೆ ಮಲ್ಲಿಗೆ ಮುಡಿಸೋ ಮುಂಚೆ ಮುಖ ನೋಡಬೇಕು. ಅವರ ನೆರಳು ಅವರಿಗಿರಲಿ, ನಮ್ಮ ದೀಪ ನಮಗಿರಲಿ. ಕತೆ ಹಂಡೆಯೊಳಗೆ ಹೋಯಿತು, ಮುಚ್ಚಳ ನನ್ನ ಕೈಯಲ್ಲಿದೆ.