ಬೋರೇಶ ಕಾರಿಗೆ ಸ್ಪ್ರಿಂಗ್ ಹಾಕಿದ್ದು

ಹೇಳಿದ್ದನ್ನ ಹೇಳಿದಂಗೇ ಮಾಡೋ ಮಗ ಬೇಕು ಅಂತ ಸಾಕಮ್ಮ ಕಂಡ ದೇವ್ರಿಗೆಲ್ಲ ಹರಕೆ ಹೊತ್ಲು. ದೇವ್ರು ಕೊಟ್ಟೇಬಿಟ್ಟ, ಬೋರೇಶನ್ನ. ಅವತ್ತಿಂದ ಸಾಕಮ್ಮ ದೇವಸ್ಥಾನದ ಕಡೆ ತಲೆ ಹಾಕಿಲ್ಲ.

ಸಾಕಮ್ಮ ಮದ್ವೆ ಮನೆಗಳಿಗೆ ಅಡಿಗೆ ಮಾಡೋಳು. ಪಾತ್ರೆ ಸಾಗ್ಸೋಕೆ ಸತ್ತ ಗಂಡನ ಹಳೇ ಕಾರು. ಅವನು ಡ್ರೈವರ್ರು, ಇವಳಿಗೂ ಒಂದಿಷ್ಟು ರಿಪೇರಿ ಕಲ್ಸಿದ್ದ. ನಾಳೆ ಮದ್ವೆ. ಬೆಳಿಗ್ಗೆ ಪಾತ್ರೆ ತುಂಬಿದ್ರೆ ಕಾರು ಹಿಂದ್ಗಡೆ ಕುಸಿದು ಕೂತ್ಬಿಡ್ತು, ಎಮ್ಮೆ ಕೆಸರಲ್ಲಿ ಕೂತಂಗೆ. ಸ್ಪ್ರಿಂಗ್ ಹೋಗಿತ್ತು. ಊರಿಗೆಲ್ಲ ಒಬ್ನೇ ಮೆಕ್ಯಾನಿಕ್ಕು, ಅವನೇ ನಾಳೆ ಮದ್ವೆ ಗಂಡು! ಮೈಗೆಲ್ಲ ಅರಿಶಿನ ಬಳ್ಕೊಂಡು ಕೂತಿದ್ದ, ಗ್ರೀಸ್ ಮುಟ್ಟಂಗಿಲ್ಲ. ಹೊತ್ತಿಗೆ ಸರಿಯಾಗಿ ಒಲೆ ಹಚ್ಚಲಿಲ್ಲ ಅಂದ್ರೆ ಸಾಕಮ್ಮನ್ನ ಇನ್ಯಾರೂ ಕರೆಯಲ್ಲ.

"ಬೋರೇಶಾ, ನಾವೇ ಹಾಕಣ. ಹೋಗಿ ಹಿಂದಿನ ಸ್ಪ್ರಿಂಗ್ ತಗೊಂಡ್ ಬಾ!"

ಹೋದ. ಒಂದೇ ಒಂದು ತಂದ.

"ಒಂದಾ?"

"ಎಡಗಡೆ ತಾನೇ ಜಾಸ್ತಿ ಕುಸಿದಿರೋದು?"

"ಲೋ ಮುಠ್ಠಾಳ! ಒಂದು ಹೊಸದು ಒಂದು ಹಳೇದು ಹಾಕಿದ್ರೆ ಗಾಡಿ ಕುಂಟ್ತದೆ. ಎಡಕ್ಕೇನ್ ಮಾಡ್ತೀಯೋ ಬಲಕ್ಕೂ ಅದನ್ನೇ ಮಾಡು!"

"ಸರಿ ಕಣಮ್ಮ!"

ಇನ್ನೊಂದು ತಂದ. ಜಾಕಿ ಕೊಟ್ಟು ಎತ್ತಿದ. ಎಡಗಡೆ ಚಕ್ರ ಬಿಚ್ಚಿದ. ಬಲಗಡೆ ಚಕ್ರಾನೂ ಬಿಚ್ಚಿದ. ಜಾಕಿ ವಾಲ್ತು. ದಢಾರ್!

"ಅಯ್ಯೋ ನನ್ ಕರ್ಮವೇ! ಬರೀ ಜಾಕಿ ನಂಬ್ತಾರೇನೋ? ಕೈಗೆ ಸಿಕ್ಕಿದ್ದು ಏನಾದ್ರೂ ಗಟ್ಟಿಯಾಗಿರೋದು ಕೆಳಗೆ ಆನಿಸ್ಬೇಕು!"

"ಸರಿ ಕಣಮ್ಮ!"

ಕೈಗೆ ಸಿಕ್ಕಿದ್ದು ಪಾಯಸದ ಕೊಪ್ಪರಿಗೆ. ಬೋರಲು ಹಾಕಿ ಅದರ ಮೇಲೆ ಕಾರು ಕೂರ್ಸಿದ. ಕೊಪ್ಪರಿಗೆ ತಟ್ಟೆ ಆಯ್ತು.

"ಇನ್ ಪಾಯಸ ನಿನ್ ತಲೇಲಿ ಕಾಯ್ಸ್ಲಾ? ಅಲ್ಲಂತೂ ಜಾಗ ಖಾಲಿ ಇದೆ!" ರುಬ್ಬೋ ಕಲ್ಲು ಉರುಳಿಸ್ಕೊಂಡು ಬಂದು ತಾನೇ ಆನಿಸಿದ್ಲು. "ಮೊದ್ಲು ಭಾರ ಇಳಿಸೋ! ಗಾಡಿ ಹಗುರ ಮಾಡಿ ಆಮೇಲೆ ಕೈ ಹಾಕು!"

"ಸರಿ ಕಣಮ್ಮ!"

ಸಾಕಮ್ಮ ಕೊಪ್ಪರಿಗೆ ತಟ್ಟಿಸಿ ನೆಟ್ಟಗೆ ಮಾಡಿಸ್ಕೊಂಡು ಬರೋಕೆ ಹೋದ್ಲು. ಬೋರೇಶ ಪಾತ್ರೆ ಇಳಿಸ್ದ. ಕೈಯಲ್ಲಿ ತಳ್ಳಿ ನೋಡ್ದ, ಇನ್ನೂ ಭಾರ. ಸೀಟು ಬಿಚ್ದ. ಇನ್ನೂ ಭಾರ. ಬಾಗಿಲು ಬಿಚ್ದ, ಬ್ಯಾಟರಿ ಬಿಚ್ದ, ಸ್ಟೇರಿಂಗು ಬಿಚ್ದ, ಕೊನೇಗೆ ಹಳೇ ಸ್ಪ್ರಿಂಗೂ ಬಿಚ್ದ. ಸಾಕಮ್ಮ ಬಂದು ನೋಡಿದ್ರೆ ಕಾರೇ ಇಲ್ಲ, ಅಂಗಳದ ತುಂಬ ಸಂತೆ!

"ಯಾವ ಗಳಿಗೇಲಿ ಹೆತ್ನೋ ನಿನ್ನ! ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಜಾಗಕ್ಕೇ ಹಾಕು! ನೆಲದ ಮೇಲೆ ಒಂದು ನಟ್ಟೂ ಉಳೀಬಾರ್ದು!"

"ಸರಿ ಕಣಮ್ಮ!"

ಸಾಯಂಕಾಲದ ಹೊತ್ತಿಗೆ ಕಾರು ಥೇಟ್ ಕಾರಿನಂಗೇ ನಿಂತಿತ್ತು. ನೆಲದ ಮೇಲೆ ಒಂದು ನಟ್ಟೂ ಇಲ್ಲ!

"ನನ್ ಬಂಗಾರ!" ಅಂತ ಸಾಕಮ್ಮ ಪಾತ್ರೆ ಏರಿಸಿದ್ಲು. ಎರಡನೇ ಪಾತ್ರೆಗೇ ಕಾರು ಕುಸಿದು ಕೂತ್ಕೊಳ್ತು.

"ಯಾವ ಸ್ಪ್ರಿಂಗ್ ಹಾಕ್ದ್ಯೋ?"

"ಬಿಚ್ಚಿದ್ದೇ ಕಣಮ್ಮ! ನೀನೇ ಅಂದ್ಯಲ್ಲ."

"ಹೊಸಾವು?"

"ಅವನ್ನ ನಾನು ಬಿಚ್ಚೇ ಇರ್ಲಿಲ್ಲವಲ್ಲ! ನೆಲದ ಮೇಲೆ ಉಳ್ಕೊಂಡ್ವು. ಗುಜರಿಯವನು 'ಹಳೇ ಕಬ್ಬಿಣಕ್ಕೆ ಈರುಳ್ಳೀ' ಅಂತ ಕೂಗ್ಕೊಂಡು ಬಂದ, ಅವನಿಗೆ ಹಾಕ್ಬಿಟ್ಟೆ. ತಗೋ, ಎರಡು ಸೇರು! ನಾಳೆ ಸಾರಿಗಾಯ್ತು."

ಸಾಕಮ್ಮ ಕಾರಿನ ಪಕ್ಕದಲ್ಲೇ ಕುಸಿದು ಕೂತ್ಲು. ಕಣ್ಣಲ್ಲಿ ನೀರು ದಳದಳ.

ಬೋರೇಶ ಹಿರಿಹಿರಿ ಹಿಗ್ಗಿದ. "ನೋಡ್ದ್ಯಾಮ್ಮ! ಇನ್ನೂ ಹೆಚ್ಚೇ ಇಲ್ಲ, ಆಗ್ಲೇ ಕಣ್ಣಲ್ಲಿ ನೀರು! ಎಂಥಾ ಘಾಟಿನ ಈರುಳ್ಳಿ ಆರ್ಸಿದೀನಿ ನೋಡು!"