ಕಪ್ಪೆಯ ಒಡಲಿನ ಅವಳಿ ತೂಬು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಭರಣಿ ಮಳೆ ಹುಯ್ದ ಮಾರನೇ ಸೋಮವಾರ ನೀರುಗಂಟಿ ಓಬಳಯ್ಯ ಮೊದಲ ಸಲ ಮನೆ ಬಿಟ್ಟು ಹೊರಟ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು ಅವನ ಕಸುಬು. ಆದರೆ ಒಂದು ಕೆರೆಯ ಏರಿ ಮೇಲೆ ಎರಡು ದಿನ ಕೂತರೆ ಮೂರನೇ ದಿನ ಅವನ ಅಂಗಾಲು ತುರಿಸುತ್ತಿತ್ತು.

ಅಲೆದೂ ಅಲೆದೂ ಮರುವರ್ಷದ ಬಿರುಬೇಸಗೆಯಲ್ಲಿ ಒಂದು ಬತ್ತಿದ ಕೆರೆಗೆ ಬಂದ. ಅಲ್ಲಿ ಕಲ್ಲಿನ ಸಂದಿಯಲ್ಲಿ ಒಂದು ಕಪ್ಪೆ ಮುದುಡಿ ಕೂತಿತ್ತು.

ಆಗಿನ ಕಪ್ಪೆಗೆ ಕೂಡಿಡುವುದೇ ಗೊತ್ತಿರಲಿಲ್ಲ. ಚರ್ಮ ನೀರು ಕುಡಿಯುತ್ತಿತ್ತು. ಒಳಗಿದ್ದ ಅವಳಿ ಮೂತ್ರಪಿಂಡಗಳು ರಕ್ತವನ್ನು ಸೋಸಿ ಸೋಸಿ ನೀರನ್ನು ಹೊರಗೆ ಬಿಡುತ್ತಿದ್ದವು. ಮಳೆಗಾಲದಲ್ಲೂ ಅಷ್ಟೇ, ಬೇಸಗೆಯಲ್ಲೂ ಅಷ್ಟೇ.

"ಮಾವ, ಮಳೆ ಬರೋವರೆಗೂ ನಾನು ಇರ್ತೀನಾ?" ಅಂತು ಕಪ್ಪೆ.

ಓಬಳಯ್ಯ ಅದರ ಎದೆಗೆ ಕಿವಿಯಿಟ್ಟ. ರಕ್ತವೇ ಸಾಲದು, ಎಷ್ಟು ತಳ್ಳಿದರೂ ತಲೆಗೆ ಏರುತ್ತಿಲ್ಲ ಎಂದು ಗುಂಡಿಗೆ ಗೊಣಗಿತು. ತೂಬು ಮುಚ್ಚಿ ಎಂದು ಅವನು ಅವಳಿಗಳಿಗೆ ಹೇಳಿದ. ಅವು ಪಾಪ, ಉಚ್ಚೆ ಹೊರಗೆ ಹೋಗುವ ಬಾಯಿ ಮುಚ್ಚಿದವು. ಉಚ್ಚೆಚೀಲ ಉಬ್ಬಿತು, ಗುಂಡಿಗೆ ಇನ್ನಷ್ಟು ಸೋತಿತು.

"ಎಲಾ ಪೆದ್ದುಗಳಾ, ಕಾಲುವೆ ತುದೀಲಿ ಕಟ್ಟೆ ಹಾಕಿದ್ರೆ ಕೆರೆ ಉಳಿಯುತ್ತಾ? ತೂಬು ಮುಚ್ಚೋದು ಕೆರೆ ಒಳಗೆ. ನಿಮ್ಮ ಜರಡಿಗೆ ರಕ್ತ ಬರೋ ದಾರೀನೇ ಬಿಗಿಮಾಡಿ."

"ರಕ್ತ ಬರದಿದ್ರೆ ನಾವೇ ಸಾಯ್ತೀವಲ್ಲ?"

"ಹಿಂಗಾಲಿಂದ ಮೇಲಕ್ಕೆ ಹೋಗೋ ರಕ್ತ ನಿಮ್ಮ ಬಾಗಿಲ ಮುಂದೆಯೇ ಹಾಯುತ್ತೆ. ಅದು ಜರಡಿಗೆ ಬೀಳಲ್ಲ. ಅಷ್ಟರಲ್ಲೇ ಹೊಟ್ಟೆ ಹೊರೀರಿ."

ಅವಳಿಗಳು ಹೆದರುತ್ತಲೇ ಬಿಗಿಮಾಡಿದವು. ಸೋಸುವುದು ನಿಂತಿತು. ಚೀಲದ ನೀರು ತೊಟ್ಟು ತೊಟ್ಟಾಗಿ ರಕ್ತಕ್ಕೆ ಮರಳಿತು. ಗುಂಡಿಗೆ ಮೆಲ್ಲಗೆ ಮತ್ತೆ ತಳ್ಳತೊಡಗಿತು.

ಎರಡು ದಿನಕ್ಕಿಂತ ಹೆಚ್ಚು ಎಲ್ಲೂ ನಿಲ್ಲದ ಓಬಳಯ್ಯ ತನ್ನ ಕಂಬಳಿಯನ್ನು ಕಲ್ಲಿಗೆ ನೆರಳಾಗಿ ಕಟ್ಟಿ ಇಪ್ಪತ್ತು ದಿನ ಕೂತ. ಅಂಗಾಲು ತುರಿಸಿದಾಗ ಮಣ್ಣಿಗೆ ಉಜ್ಜಿಕೊಂಡ.

ರೋಹಿಣಿ ಮಳೆ ಬಂತು. ಕಪ್ಪೆ ಮೈತುಂಬ ಕುಡಿಯಿತು. ಈಗ ತೆಗೀರಿ ಎಂದ ಓಬಳಯ್ಯ. ಅವಳಿಗಳು ದಾರಿ ಸಡಿಲಿಸಿದವು, ಚೀಲ ತುಂಬಿತು.

ಅವನು ಕಂಬಳಿ ಬಿಚ್ಚಿ ಹಿಂಡಿ, ಗಂಟು ಕಟ್ಟಿದ. ಹೋಗಿಬರ್ತೀನಿ ಎನ್ನಲು ಕಪ್ಪೆಯನ್ನು ಅಂಗೈಗೆ ಎತ್ತಿಕೊಂಡ. ಅದು ಕೂಡಿಟ್ಟಿದ್ದನ್ನೆಲ್ಲ ಅವನ ಕೈಮೇಲೆ ಸುರಿದುಬಿಟ್ಟಿತು.

"ದಾರಿಗೆ ಬುತ್ತಿಯೇನೇ ಇದು?" ಎಂದು ನಗುತ್ತಾ ಓಬಳಯ್ಯ ಗಂಟನ್ನು ಹೆಗಲಿಗೇರಿಸಿದ.

ಅದಕ್ಕೇ ಮಗು, ಬೇಸಗೆಯಲ್ಲಿ ತೊಟ್ಟೂ ಬಿಡದೆ ಕಲ್ಲಿನಡಿ ಕೂರುವ ಕಪ್ಪೆ, ಮಳೆಗಾಲದಲ್ಲಿ ನೀನು ಎತ್ತಿಕೊಂಡರೆ ಇವತ್ತಿಗೂ ನಿನ್ನ ಅಂಗೈಯನ್ನು ತಣ್ಣಗೆ ತೋಯಿಸುತ್ತದೆ.