ಸೋಲಗೊಡದ ಆಟ

ಟಿವಿ ಕೆಳಗಿನ ಕಪಾಟಿನಲ್ಲಿ ಹಳೆಯ ವಿಡಿಯೋ ಗೇಮ್ ಮೆಷಿನ್ನಿನ ಪಕ್ಕ ಅದರ ಕ್ಯಾಸೆಟ್ಟೊಂದು ಧೂಳು ಹಿಡಿದು ಕೂತಿತ್ತು. ಅದೇ ಆಟ ಈಗ ಹೊಸದಾಗಿ ಡಿಸ್ಕಿನಲ್ಲಿ ಬಂದಿತ್ತು. ಬಹಳ ದಿನದ ಮೇಲೆ ತವರಿಗೆ ಬಂದ ಅಕ್ಕ ವಾರಿಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಧುಸೂದನ ಆ ಡಿಸ್ಕನ್ನು ಹಾಕಿದ.

"ನೀನೂ ನಾನೂ ಒಂದೇ ಆಟ," ಎಂದಿತು ಡಿಸ್ಕು ಕ್ಯಾಸೆಟ್ಟಿಗೆ. "ಆದರೆ ನನ್ನಲ್ಲಿ ಸೋಲಿಲ್ಲ. ಗುಂಡಿಗೆ ಬಿದ್ದವರನ್ನು ಎತ್ತಿ ಮತ್ತೆ ದಂಡೆಯ ಮೇಲೇ ನಿಲ್ಲಿಸುತ್ತೇನೆ."

"ನನ್ನಲ್ಲಿ ಬಿದ್ದವರು ಔಟು," ಎಂದು ಕ್ಯಾಸೆಟ್ಟು ತಲೆ ತಗ್ಗಿಸಿತು.

ಔಟಾದವರು ರಿಮೋಟನ್ನು ಇನ್ನೊಬ್ಬರಿಗೆ ಕೊಡಬೇಕೆಂಬುದು ಅಕ್ಕ ತಮ್ಮಂದಿರ ಚಿಕ್ಕಂದಿನ ಕಾನೂನು. ಮಧುಸೂದನ ಬಿದ್ದ, ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ, ಔಟಾಗಲೇ ಇಲ್ಲ. ವಾರಿಜ ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನೀನು ಆಡ್ಕೊಂಡಿರು ಕಣೋ, ನಾನು ಬಸ್ಸಿಗೆ ಹೊರಡ್ತೀನಿ."

"ತಡಿ ಅಕ್ಕ!"

ಅವನು ಕ್ಯಾಸೆಟ್ಟನ್ನು ಎಳೆದು, ಅದರ ಬಾಯಿಗೆ ಉಫ್ ಎಂದು ಊದಿ, ಹಳೆಯ ಮೆಷಿನ್ನಿಗೆ ಸಿಕ್ಕಿಸಿದ. ಮೊದಲ ಗುಂಡಿಗೇ ಬಿದ್ದ. ರಿಮೋಟು ಅಕ್ಕನ ಕೈಗೆ ಹೋಯಿತು, ಇಬ್ಬರೂ ನಕ್ಕರು.

"ಸೋತವನು ನಗುವುದೇಕೆ?" ಎಂದು ಕೇಳಿತು ಡಿಸ್ಕು.

ಕ್ಯಾಸೆಟ್ಟಿಗೆ ಉತ್ತರಿಸಲು ಪುರುಸೊತ್ತಿರಲಿಲ್ಲ. ಅಕ್ಕ ಅದೇ ಗುಂಡಿಯತ್ತ ಓಡುತ್ತಿದ್ದಳು. ತಮ್ಮ ಆಗಲೇ ಕೈ ಚಾಚಿದ್ದ.